ಪಾದ್ರಿಗಳು ಯಾಕೆ ನಕ್ಕರು

ಹಲೋ... ಹಲೋ, ಯಾರು ಮಾತಾಡ್ತಿರೋದು? ...

ಯಾರು? ಹಿರಿಯರ ಮನೆಯವರಾ? ಅಯ್ಯೋ, ನೀವಾ ಅಮ್ಮ. ಧ್ವನಿ ಯಾಕೆ ಇಷ್ಟು ಸಣ್ಣ ಮಾಡ್ಕೊಂಡಿದೀರಿ? ... ಹಾಂ, ಯಜಮಾನರು ಊಟ ಮಾಡಿ ಮಲಗಿದಾರಾ. ಸರಿ ಸರಿ, ನಾನೂ ಮೆಲ್ಲಗೇ ಮಾತಾಡ್ತೀನಿ. ಮೊಣಕಾಲು ಹೇಗಿದೆ? ಇವತ್ತು ಚರ್ಚಲ್ಲಿ ನಿಮ್ಮ ಜಾಗ ಖಾಲಿ ಇತ್ತಲ್ಲ...

ನಿಮ್ಮವರಾ? ರಾತ್ರೀನಾ? ನಮ್ಮನೆಗಾ? ಇಲ್ವಲ್ಲ. ಯಾರೂ ಬಂದಿರ್ಲಿಲ್ಲ. ಬೆಳಗಾದ್ರೆ ನಮ್ಮವರ ವಿರುದ್ಧ ಮಾತಾಡೋಕಿದ್ದೋರು ರಾತ್ರಿ ಇಲ್ಲಿಗ್ಯಾಕೆ ಬರ್ತಾರೆ ಅಮ್ಮ? ನೀವೇ ಹೇಳಿ...

ಏನು ಕೇಳಿಸ್ತು? ಬಚ್ಚಲಲ್ಲಿ ಠಣ್ ಅಂತ? ... ಹಾಂ... ಕನ್ನಡಿ ಮುಂದೆ ನಿಂತು ಇವತ್ತಿನ ಭಾಷಣ ಅಭ್ಯಾಸ ಮಾಡ್ತಿದ್ರಾ? ಆವೇಶ ಏರಿ ಹಲ್ಲಿನ ಸೆಟ್ಟು ಹಾರಿ ಬೇಸಿನ್ನಿಗೆ ಬಿತ್ತಾ? ... ಅಂದ್ರೆ ನೀವು ಎದ್ದೇ ಇದ್ರಿ. ಎದ್ದಿದ್ದೂ ನಿದ್ದೆ ಬಂದ ಹಾಗೆ ಮಲಗಿದ್ರಿ...

ಹೌದಾ? ಮಧ್ಯಾಹ್ನ ಊಟದಲ್ಲಿ ಟಕ್ ಟಕ್ ಅನ್ನಲೇ ಇಲ್ವಾ? ... ಸೆಟ್ಟು ಕಟ್ಟಿಸ್ಕೊಂಡ ದಿನದಿಂದ ಕೇಳ್ತಾ ಬಂದ ಸದ್ದು ನಿಂತುಹೋದ್ರೆ ಹೆಂಡತಿಗೆ ಗೊತ್ತಾಗಲ್ವಾ ಅಂತೀರಿ. ಗೊತ್ತಾಗತ್ತೆ ಬಿಡಿ...

ಸರಿ ಅಮ್ಮ. ನಿಮ್ಮ ಹತ್ತಿರ ಮುಚ್ಚಿಟ್ಟು ಏನು ಪ್ರಯೋಜನ. ಬಂದಿದ್ರು. ಹಿಂಬಾಗಿಲಲ್ಲಿ ಉಗುರಿಂದ ಕೆರೆದ ಹಾಗೆ ಸದ್ದು. ಇಲಿ ಅಂದ್ಕೊಂಡು ಪೊರಕೆ ಹಿಡಿದೇ ಬಾಗಿಲು ತೆಗೆದೆ. ನೋಡಿದ್ರೆ ಸಭೆಯ ಹಿರಿಯರು, ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ನಿಂತಿದಾರೆ. ಇನ್ನೊಂದು ಕೈಯಲ್ಲಿ ಎರಡು ತುಂಡಾದ ಸೆಟ್ಟು. ‘ಇದನ್ನ ಸರಿ ಮಾಡಿಕೊಡಿ. ನಾಳೆ ನಿಮ್ಮ ವಿರುದ್ಧ ಮಾತಾಡೋಕೆ ಬೇಕು’ ಅಂತ ನಮ್ಮವರಿಗೆ ನೇರವಾಗಿ ಹೇಳಿದ್ರು. ಸುಳ್ಳು ಹೇಳೋ ಮನುಷ್ಯ ಅಲ್ಲ, ಅದೊಂದು ಒಪ್ಕೋಬೇಕು...

ಇಲ್ಲಮ್ಮ, ಸಾಮಾನೆಲ್ಲ ಮನೇಲೇ ಇತ್ತು. ಹಲ್ಲಿನ ಡಾಕ್ಟರ್ ಕೆಲಸ ಬಿಟ್ಟು ಪಾದ್ರಿ ಆದಾಗ ಎಲ್ಲಾ ಕೊಟ್ಟುಬಿಡು ಅಂದಿದ್ರು ಇವರು. ನಾನು ಅರ ಕೊಟ್ಟಿಲ್ಲ, ಸಾಣೆಯಂತ್ರ ಕೊಟ್ಟಿಲ್ಲ, ಹಲ್ಲು ಕಟ್ಟೋ ಪುಡೀನೂ ಕೊಟ್ಟಿಲ್ಲ. ಸಿಂಕಿನ ಕೆಳಗೆ ಬಕೆಟ್ಟಿನ ಹಿಂದೆ ಇಟ್ಟಿದ್ದೆ. ನಂಬಿಕೆ ಇವರ ಇಲಾಖೆ, ಮುನ್ನೆಚ್ಚರಿಕೆ ನಂದು. ನಮ್ಮ ಪ್ರೆಸ್ಬಿಟೇರಿಯನ್ ಸಭೇಲಿ ಬಿಷಪ್ ಅಂತ ಒಬ್ಬರಿದ್ದಿದ್ರೆ ಅವರೊಬ್ಬರನ್ನ ಮೆಚ್ಚಿಸಿದ್ರೆ ಸಾಕಿತ್ತು. ಇಲ್ಲಿ ಬೆಂಚಿಗಿಬ್ಬರು ಬಿಷಪ್ಪರು. ಒಂದು ವರ್ಷ ನೋಡ್ತೀವಿ, ಆಮೇಲೆ ಇವರನ್ನ ಉಳಿಸ್ಕೊಳ್ಳೋದಾ ಬೇಡ್ವಾ ಅಂತ ಮತ ಹಾಕ್ತೀವಿ ಅಂದಿದ್ರು, ಆ ವರ್ಷ ಇವತ್ತಿಗೆ ಮುಗೀತಿತ್ತು. ನಾನು ಆಗಲೇ ಪಾತ್ರೆ ಎಲ್ಲಾ ಪೇಪರಲ್ಲಿ ಸುತ್ತಿಟ್ಟಿದ್ದೆ. ಮತ ಬೀಳದಿದ್ರೆ ಚರ್ಚು ಕೊಟ್ಟ ಈ ಮನೆ ಬೀಗದ ಕೈ ವಾಪಸ್. ಕ್ಲಿನಿಕ್ ಅಂತೂ ಕೈ ಬಿಟ್ಟಾಗಿದೆ. ಎಲ್ಲಿಗೆ ಹೋಗೋದು?...

ಅದೇ ಅಮ್ಮ, ಅದಕ್ಕೇ ನಿಮ್ಮ ಹತ್ತಿರ ಹೇಳೋಕೆ ನಾಚಿಕೆ. ನಿಮ್ಮವರು ಬಾಯಿ ಮುಕ್ಕಳಿಸೋಕೆ ಆ ಕಡೆ ಹೋದಾಗ ಇವರ ಕಿವೀಲಿ ಉಸುರಿದೆ. ಕಡಲೆ ಇದ್ದಾಗ ಹಲ್ಲಿರಲ್ಲ ಅಂತಾರಲ್ಲ, ಹಿರಿಯರಿಗೂ ನಾಳೆ ಒಂದು ದಿನ ಹಾಗೇ ಇರ್ಲಿ ಬಿಡಿ. ಅಥವಾ ಅಂಟಿಸಿ, ಸ್ವಲ್ಪ ಸಡಿಲ ಬಿಡಿ. ಯಾರಾದ್ರೂ ಹಗ್ಗ ಕೊಟ್ಟು ಕೈ ಕಟ್ಟಿಸ್ಕೊಳ್ತಾರಾ ಅಂದೆ...

ಬೈಯಲಿಲ್ಲ. ಕನ್ನಡಕದ ಮೇಲಿಂದ ನೋಡಿದ್ರು ಅಷ್ಟೇ. ‘ಬೋಧನೇಲಿ ಬೇಕಾದ್ರೆ ಹೆಚ್ಚುಕಮ್ಮಿ ಆಗ್ಲಿ. ಹಲ್ಲಲ್ಲಿ ನನ್ನ ಕೈಲಿ ಆಗಲ್ಲ’ ಅಂದ್ರು. ಆಮೇಲೆ ಅಡುಗೆಮನೆ ಮೇಜಿನ ಮುಂದೆ ಕೂತವರು ಏಳಲೇ ಇಲ್ಲ. ಮುರಿದದ್ದು ಕೂಡಿಸಿದ್ದಷ್ಟೇ ಅಲ್ಲ, ವಸಡಿಗೆ ಅಳತೆ ನೋಡಿ ಒಳಗೆ ಹೊಸ ಪದರ ಕೊಟ್ರು. ಎತ್ತರ ಇದ್ದ ಹಲ್ಲು ಉಜ್ಜಿದ್ರು. ಮತ್ತೆ ಮತ್ತೆ ‘ಕಚ್ಚಿ, ಬಿಡಿ’ ಅಂತಿದ್ರು. ಆ ಪುಡಿ ಕಲಸಿದ ಘಾಟು ಇನ್ನೂ ಮನೆಯಿಂದ ಹೋಗಿಲ್ಲ. ಹಾಡು ಬೇರೆ ಗುನುಗ್ತಿದ್ರು. ಪಾದ್ರಿ ಆದ ಮೇಲೆ ಅಷ್ಟು ಖುಷಿಯಾಗಿ ನಾನು ನೋಡಿರಲಿಲ್ಲ...

ಕ್ಲಿನಿಕ್ ಯಾಕೆ ಬಿಟ್ರು ಅಂತ ನನ್ನ ಕೇಳಿದ್ರೆ? ದೇವರು ಕರೆದ ಅಂತಾರೆ. ನನಗೆ ಕಂಡಂತೆ ದೊಡ್ಡ ವ್ಯತ್ಯಾಸ ಏನಿಲ್ಲ. ಅಲ್ಲೂ ಇವರೊಬ್ಬರೇ ಮಾತಾಡ್ತಿದ್ರು, ಎದುರಿನವರ ಬಾಯಿ ತೆರೆದಿರ್ತಿತ್ತು. ಇಲ್ಲೂ ಹಾಗೇ. ಇಲ್ಲಿ ನಿದ್ದೆಗೆ ತೆರೆದಿರತ್ತೆ, ಅಷ್ಟೇ...

ಹಾಂ? ಬೆಳಿಗ್ಗೆಯದಾ? ನಿಮಗೆ ಯಾರು ಹೇಳಿದ್ರು? ... ಪಕ್ಕದ ಮನೆ ಟೀಚರಾ. ಅತ್ರಂತಾ? ... ಹೌದಮ್ಮ, ಆರಾಧನೆ ಮುಗಿದ ಮೇಲೆ ನಿಮ್ಮವರು ಎದ್ದು ನಿಂತು ಬಿಡಿಸಿ ಬಿಡಿಸಿ ಬೈದ್ರು. ಹಲ್ಲು ಕೀಳೋರ ಕೈಗೆ ಆತ್ಮ ಒಪ್ಪಿಸ್ತೀರಾ ಅಂದ್ರು. ಒಂದಕ್ಷರ ಜಾರಲಿಲ್ಲ, ಒಂದು ಟಕ್ ಇಲ್ಲ. ಕೊನೇ ಬೆಂಚಿನ ಕಿವುಡಜ್ಜನೂ ತಲೆ ಎತ್ತಿ ಕೂತ. ನಾನು ಸೀರೆ ಸೆರಗು ಹಿಂಡ್ತಾ ಇವರ ಮುಖ ನೋಡಿದೆ. ನಗ್ತಿದಾರೆ...

ಹೌದು, ತಾಳ್ಮೆಯ ನಗು ಅಂತಲೇ ಎಲ್ಲರೂ ಅಂದದ್ದು. ಬೈದವರನ್ನ ಹೀಗೆ ಪ್ರೀತಿಯಿಂದ ನೋಡೋರನ್ನ ಎಲ್ಲೂ ಕಂಡಿಲ್ಲ ಅಂತ. ನಿಮ್ಮವರು ಗುಡುಗಿದ ಜಾಗದಲ್ಲಿ ಇವರು ‘ಭೇಷ್’ ಅಂದುಬಿಟ್ರು, ಮುಂದಿನ ಸಾಲಿಗೆ ಕೇಳಿಸಿದೆ. ಅಲ್ಲೇ ಟೀಚರ್ ಅತ್ತಿದ್ದು...

ಅಮ್ಮ, ನಿಮಗೆ ಇನ್ನೂ ಹೊಳೀಲಿಲ್ವಾ? ... ಪ್ರೀತಿ ಹೌದು. ಆದ್ರೆ ನಕ್ಕಿದ್ದು ನಿಮ್ಮವರನ್ನ ನೋಡಿ ಅಲ್ಲ, ಅವರ ಬಾಯಲ್ಲಿದ್ದ ಮೇಲಿನ ಸೆಟ್ಟನ್ನ ನೋಡಿ. ತಲೆ ಓರೆ ಮಾಡಿ, ಕೂತಿದೆಯಾ ಇಲ್ವಾ ಅಂತ ಪರೀಕ್ಷೆ ಮಾಡ್ತಿದ್ರು ಆ ಮನುಷ್ಯ...

ನಗಬೇಡಿ ಅಮ್ಮ, ಯಜಮಾನರು ಎದ್ದಾರು. ... ಮತಾನಾ? ಇವರೇ ಇರ್ಲಿ ಅನ್ನೋರು ಕೈ ಎತ್ತಿ ಅಂದಾಗ ಇಡೀ ಚರ್ಚಿನ ಕೈ ಮೇಲೆ. ನಿಮ್ಮವರದು ಮಾತ್ರ ತೊಡೆ ಮೇಲೇ ಇತ್ತು...

ಇಲ್ಲ, ಆ ಕೈಗಳು ಯಾಕೆ ಎದ್ದವು ಅಂತ ಇವರಿಗೆ ಗೊತ್ತಿಲ್ಲ. ಬೆಳಗಿನ ತಮ್ಮ ಬೋಧನೆಗೆ ಜನ ಕರಗಿದ್ರು ಅಂದ್ಕೊಂಡಿದಾರೆ. ಬೋಧನೇಲಿ ಕರಗಿದ್ದು ಮೇಣದಬತ್ತಿ ಒಂದೇ...

ಹಾಂ, ನಾನು ತೀರ್ಮಾನ ಮಾಡಿಬಿಟ್ಟೆ. ಯಾರಿಗೂ ಹೇಳಲ್ಲ. ಟೀಚರಿಗೂ ಇಲ್ಲ, ನಿಮ್ಮ ಯಜಮಾನರಿಗೂ ಇಲ್ಲ. ಇವರಿಗಂತೂ ಇಲ್ಲವೇ ಇಲ್ಲ. ಪಾತ್ರೆ ಬಿಚ್ಚಿಡ್ತಿದೀನಿ ಈಗ. ನೀವೂ ಅಷ್ಟೇ ಅಲ್ವಾ? ... ಅಲ್ವಾ ಅಮ್ಮ? ...

ಸೆಟ್ಟು ಎಡಗಡೆ ಒತ್ತತ್ತಂತಾ? ನಿದ್ದೇಲಿ ಕೆನ್ನೆ ಹಿಡ್ಕೊಳ್ತಿದಾರಾ? ... ಇವತ್ತು ರಾತ್ರಿ ನಮ್ಮ ಹಿಂಬಾಗಿಲ ಚಿಲಕ ಹಾಕಿರಲ್ಲ. ನೀವು ಏನೂ ಹೇಳ್ಬೇಡಿ, ನಿದ್ದೆ ಬಂದ ಹಾಗೆ ಮಲಗಿಬಿಡಿ, ತಾವೇ ಬರ್ತಾರೆ...

ತಾಳಿ, ಇವರು ಬಂದ್ರು... ಏನ್ರೀ? ಯಾರೂ ಅಲ್ಲ, ರಾಂಗ್ ನಂಬ...