ಹೊಲಿದ ಪ್ಯಾಂಟು

ಸೌನಾದ ಉಗಿಸ್ನಾನಕ್ಕೊಂದು ಬಕೆಟ್ಟು ಕೊಳ್ಳಲು ಅಂಗಡಿಯ ಸರದಿಯಲ್ಲಿ ನಿಂತಿದ್ದ ಐಲಿಯ ಮುಂದೆ ಮರ ಕಡಿಯುವ ತೈಸ್ತೊ ಮತ್ತು ಅವನ ಹೆಂಡತಿ, ಅವನ ಕೈಲಿದ್ದ ಹೊಸ ಪ್ಯಾಂಟಿನ ವಿಷಯಕ್ಕೆ ಕಚ್ಚಾಡುತ್ತಿದ್ದರು.

"ಮೋಟಾರ್ ಗರಗಸದ ಕೆಲಸಕ್ಕೆ ಹೊಸ ಪ್ಯಾಂಟು ಯಾಕ್ರೀ? ಹರಿದಿದ್ದನ್ನ ಹೊಲಿದುಕೊಟ್ಟಿಲ್ವಾ?"

"ಒಳಗಿನ ಪದರಾನೂ ಸೇರಿಸಿ ಹೊಲಿದಿದ್ದೀಯಲ್ಲೇ."

"ಗಟ್ಟಿಯಾಗ್ಲಿ ಅಂತ. ತಪ್ಪಾ?"

"ಗರಗಸದ ಸರಪಳಿ ಕಾಲಿಗೆ ತಾಗಿದ್ರೆ ಒಳಗಿನ ಎಳೆ ಕಿತ್ಕೊಂಡು ಬಂದು ಅದಕ್ಕೆ ಸುತ್ಕೋಬೇಕು. ಆಗಲೇ ಗರಗಸ ನಿಲ್ಲೋದು. ಹೊಲಿದುಬಿಟ್ರೆ ಎಳೆ ಬರಲ್ಲ, ಕಾಲೇ ಹೋಗುತ್ತೆ."

ಅವಳು ಚೀಲದಿಂದ ಫೋನ್ ತೆಗೆದು ಒತ್ತತೊಡಗಿದಳು.

"ನಮ್ಮ ಮಗ ಇಲ್ಮಾರಿಯ ಪ್ಯಾಂಟನ್ನೂ ನಿನ್ನೆ ಹಾಗೇ ಹೊಲಿದೆ. ಬೆಳಿಗ್ಗೆ ಅದನ್ನೇ ಹಾಕ್ಕೊಂಡು ಕಾಡಿಗೆ ಹೋದ."

"ಫೋನ್ ಮಾಡು."

"ಮಾಡ್ತಾನೇ ಇದೀನಿ. ತೆಗೀತಿಲ್ಲ."

"ಹೇಗೆ ಕೇಳುತ್ತೆ? ಕಿವಿ ಮುಚ್ಕೊಳ್ದೆ ಗರಗಸ ಮುಟ್ಟಬೇಡ ಅಂತ ಮಗನಿಗೆ ಹೇಳ್ಕೊಟ್ಟೋನು ನಾನೇ."

ಹೊಸ ಪ್ಯಾಂಟನ್ನು ಹೆಗಲ ಮೇಲೆ ಎಸೆದುಕೊಂಡು ಅವನು ಹೊರಗೋಡಿದ, ಹಿಂದೆಯೇ ಅವಳು. ಪ್ಯಾಂಟಿನ ದುಡ್ಡು ಕೊಡದೆ ಹೋದರೂ ಅಂಗಡಿಯಲ್ಲಿ ಯಾರೂ ಆ ಮಾತೆತ್ತಲಿಲ್ಲ.