ಒರೆಸಿದ ಬ್ರಾಕೆಟ್

ಬಂಗಾರಪೇಟೆ ಸ್ಟೇಷನ್ನಿನ ಟಿಕೆಟ್ ಸಾಲಿನಲ್ಲಿ ಅಮ್ಮಾಜಮ್ಮನ ಮುಂದೆ ಗಣಿ ವರ್ಕ್‌ಷಾಪಿನ ಫಿಟ್ಟರುಗಳಿಬ್ಬರು ನಿಂತಿದ್ದರು. ಕಿರಿಯವನೇ ಮಾತು ತೆಗೆದ.

“ಮುನಿಶಾಮಣ್ಣ, ಮೇಸ್ತ್ರಿ ಪರೀಕ್ಷೇಲಿ ನಿನ್ನ ಯಾಕಣ್ಣ ಫೇಲ್ ಮಾಡಿದ್ರು?”

“ಪಂಪ್ ಕೂರ್ಸೋ ಬ್ರಾಕೆಟ್ ಬರಿ ಅಂದ್ರು. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಸೀಮೆಸುಣ್ಣದಲ್ಲಿ ಬರ್ದೆ. ಮುಂದೆ, ಮೇಲೆ, ಪಕ್ಕ, ಮೂರೂ ಒಂದೇ ಚಿತ್ರದಲ್ಲಿ ಕಾಣಂಗೆ. ಇಂಜಿನಿಯರ್ರು ‘ಸ್ಕೇಲಿಲ್ಲ, ಇದು ರಂಗೋಲಿ’ ಅಂತ ನನ್ ಕೈಲೇ ಒರೆಸಿದ್ರು.”

ಅಮ್ಮಾಜಮ್ಮನಿಗೆ ಸಿಟ್ಟು ಬಂತು. ದಿನಾ ಬೆಳಗ್ಗೆ ಬಾಗಿಲ ಮುಂದೆ ಸ್ಕೇಲಿಲ್ಲದೆ ಗೆರೆ ಎಳೆಯುವವಳು ಅವಳು.

“ಆಮೇಲೆ?” ಅಂದ ಕಿರಿಯವ.

“ಅವ್ರೇ ದೊಡ್ಡ ಕಾಗದದಲ್ಲಿ ಮೂರು ನೋಟಾನೂ ಬೇರೆಬೇರೆ ಬರ್ದ್ರು. ಎಡಗಡೇದನ್ನ ಬಲಗಡೇದು ಅಂತ ತೋರ್ಸಿಬುಟ್ರು. ಎರಕ ಉಯ್ದು ಬ್ರಾಕೆಟ್ ಬಂತು ನೋಡು, ಬಲಗಾಲಿಗೆ ಎಡಗಾಲಿನ ಚಪ್ಲಿ ತಂದಂಗೆ!”

“ಈಗ?”

“ಇನ್ನೊಂದ್ಸಲ ಬರಿ ಬಾ ಅಂತ ಜವಾನನ್ನ ಕಳ್ಸವ್ರೆ.”

“ಓಗಣ್ಣ, ಮೇಸ್ತ್ರಿ ಕೆಲ್ಸ ಸಿಗ್ತದೆ.”

“ಬರೀತೀನಿ ಕಣ್ಲಾ. ಮೊದ್ಲು ಪಾಸು ಅಂತ ಬರ್ದು ಕೊಡ್ಲಿ. ಮೇಜು, ಕುರ್ಚಿ ಆಕ್ಲಿ. ನೆಲದಲ್ಲಂತೂ ಕೂರಲ್ಲ.”

“ಆಕ್ದಿದ್ರೆ?”

“ಬ್ರಾಕೆಟ್ ಅಂಗೇ ಇರ್ಲಿ. ಗಣೀನೇ ತಿರುಗ್ಸಿ ಇಟ್ಕೊಳ್ಲಿ!”

ಟಿಕೆಟ್ ಕೈಗೆ ಬಂತು. ನಗುತ್ತಾ ಇಬ್ಬರೂ ಪ್ಲಾಟ್‌ಫಾರಂ ಕಡೆ ನಡೆದುಹೋದರು.