ಬಾಗಿಲ ಬಳಿಯ ಜಾಗ

ಗಂಡ ತೀರಿದ ಮೇಲೆ ಪಾರ್ವತಿಬಾಯಿ ಪರರ ಮಾತಿಗೆ ಕಿವಿಗೊಡುತ್ತಿರಲಿಲ್ಲ. ಸೊಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಚಪ್ಪಲಿ ಕಳಚಿಟ್ಟು ಜಪಕ್ಕೆ ಕೂತಿದ್ದಳು. ಪಕ್ಕದಲ್ಲೇ, ಅಕ್ಕಲಕೋಟೆಗೆ ಹೊರಟ ತಮ್ಮ ಮತ್ತು ಅವನನ್ನು ಕಳಿಸಲು ಬಂದ ಅಕ್ಕ ಮಾತಿಗಿಳಿದರು. ಅಕ್ಕನ ಗಂಡ ಸಿದ್ರಾಮಪ್ಪ ನೆಲದ ಮೇಲೆ ಮುದುಡಿ ಕೂತಿದ್ದ.

“ನವಿ ಪೇಠದ ಸೀರಿ ಅಂಗಡಿ ಕೆಲಸ ಬಿಟ್ರ ಹ್ಯಾಂಗಕ್ಕಾ? ಸೇಠನ ಮಗಗ ಕೈ ಮುಗೀರಿ ಅಂತ ಮಾವಾರಿಗಿ ಹೇಳು.”

“ಮುಗದಾರೋ ರಾಚಪ್ಪ. ಸೀರಿ ಬಣ್ಣ ಬಿಡ್ತದ ಅಂತ ಗಿರಾಕಿಗಿ ಖರೇ ಹೇಳಿದ್ದೇ ತಪ್ಪಾತು. ಅಂವ ಇವರನ್ನ ಸೀರಿ ತೋರಸೂ ಗಾದಿ ಮ್ಯಾಲಿಂದ ಎಬ್ಬಿಸಿ, ಬಾಗಲದಾಗ ಚಪ್ಪಲಿ ಕಾಯಾಕ ಕುಂಡ್ರಿಸ್ಯಾನ. ‘ನಮ್ಮ ಸತ್ಯವಂತರನ್ನ ನೋಡ್ರಿ’ ಅಂತ ಬಂದವರನ್ನೆಲ್ಲಾ ನಗಸ್ತಾನ.”

“ನಗಲಿ ಬಿಡು. ಹೊಟ್ಟಿ ತುಂಬತದಲ್ಲ?”

“ತುಂಬಾಕ ಉಣಬೇಕಲ್ಲೋ! ಈಗ ಮನ್ಯಾಗೂ ಒಳಗ ಬರೂದಿಲ್ಲ. ಬಾಗಲದಾಗ ಚಪ್ಪಲಿ ಹತ್ತಿರನೇ ಕುಂಡ್ರತಾರ. ತಾಟ ಅಲ್ಲೇ ಒಯ್ದು ಇಡ್ತೀನಿ.”

ಅಷ್ಟರಲ್ಲಿ ಅಕ್ಕಲಕೋಟೆಯ ಬಸ್ಸು ಬಂತು. ರಾಚಪ್ಪ ಮಾವನ ಹೆಗಲು ಮುಟ್ಟಿದ.

“ಮಾವಾರ, ಏಳ್ರಿ. ಆ ಅಂಗಡಿ ಇನ್ನ ಬ್ಯಾಡ. ನಮ್ಮ ಮನಿಗಿ ನಡೀರಿ.”

ಸಿದ್ರಾಮಪ್ಪ ಏಳುವ ಮುನ್ನ ಪಾರ್ವತಿಬಾಯಿಯ ಚಪ್ಪಲಿಗಳನ್ನು ಎರಡೂ ಕೈಯಿಂದ ಎತ್ತಿ, ಧೂಳು ಒರೆಸಿ, ಆಕೆಯ ಕಾಲ ಮುಂದೆ ಜೋಡಿಸಿಟ್ಟ. ಆಮೇಲೆ ಹೆಂಡತಿಯ ಹಿಂದೆ ಬಸ್ಸು ಹತ್ತಿದ.

ಬಸ್ಸು ಹೋಯಿತು. ತನ್ನ ಬಸ್ಸು ಬಂದಾಗಲೂ ಪಾರ್ವತಿಬಾಯಿಗೆ ಆ ಚಪ್ಪಲಿಯಲ್ಲಿ ಕಾಲಿಡುವ ಧೈರ್ಯವಾಗಲಿಲ್ಲ.